ಮಾಂಸ ತೊಳೆದರೆ ರೋಗಾಣು ಹೋಗುತ್ತದೆಯೇ? ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಮಾನ್ಯ ಡಾಕ್ಟರೇ, ನಮ್ಮ ತಂದೆಯವರ ಕಾಲದಿಂದಲೂ ನಮ್ಮದು ಎಮ್ಮೆ ಮಾಂಸದ ಅಂಗಡಿ, ಪರವಾನಗಿ ಇದೆ. ನನ್ನ ತಂಗಿಯ ಮಗ ಅಮೆರಿಕದಲ್ಲಿ ದೊಡ್ಡದೊಂದು ಬೀಫ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಸುಲಿದ ಒಡಲಿನ ಮೇಲೆ ಬಿಸಿನೀರು ಹಾಯಿಸಿ, ಆಮೇಲೆ ಲ್ಯಾಕ್ಟಿಕ್ ಆಮ್ಲ ಸಿಂಪಡಿಸುತ್ತಾರಂತೆ. ಹಾಗೆ ಮಾಡದ ಮಾಂಸದಲ್ಲಿ ರೋಗಾಣು ಉಳಿದೇ ಉಳಿಯುತ್ತದೆ ಎಂದು ಅವನ ವಾದ. ನಾವು ನಲ್ಲಿ ನೀರಿನಲ್ಲಿ ಚೆನ್ನಾಗಿಯೇ ತೊಳೆಯುತ್ತೇವೆ. ಅಷ್ಟು ಸಾಲದೇ? ಆಮ್ಲ ಸಿಂಪಡಿಸಿದ ಮಾಂಸ ತಿನ್ನಲು ಯೋಗ್ಯವೇ? ನಮ್ಮಂಥ ಸಣ್ಣ ಅಂಗಡಿಯವರು ಏನು ಮಾಡಬಹುದು?
— ಓದುಗರೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ತೊಳೆಯುವ ವಿಚಾರಕ್ಕೆ ಬರುವ ಮೊದಲು ರೋಗಾಣು ಮಾಂಸಕ್ಕೆ ಎಲ್ಲಿಂದ ಅಂಟುತ್ತದೆ ಎಂಬುದನ್ನು ತಿಳಿಯಬೇಕು, ಏಕೆಂದರೆ ಉಳಿದ ಉತ್ತರವೆಲ್ಲ ಅದರ ಮೇಲೆಯೇ ನಿಂತಿದೆ. ಆರೋಗ್ಯವಾಗಿರುವ ಪ್ರಾಣಿಯ ಮಾಂಸಖಂಡದ ಒಳಗೆ ಬ್ಯಾಕ್ಟೀರಿಯಾ ಇರುವುದಿಲ್ಲವೆಂದೇ ಹೇಳಬಹುದು. ಅವು ಇರುವುದು ತೊಗಲಿನ ಮೇಲಿನ ಕೆಸರು ಮತ್ತು ಸಗಣಿಯಲ್ಲಿ, ಕರುಳಿನಲ್ಲಿ, ಹೊಟ್ಟೆಯಲ್ಲಿ. ಸಾಲ್ಮೊನೆಲ್ಲಾ ಹಾಗೂ ಇ. ಕೋಲಿ ಒ157 ಎಂಬ ರೋಗಾಣುಗಳು ದನ, ಎಮ್ಮೆಗಳ ಕರುಳಿನಲ್ಲಿ ಆ ಪ್ರಾಣಿಗೆ ಯಾವ ಬೇನೆಯನ್ನೂ ತರದೆ ವಾಸವಾಗಿರಬಲ್ಲವು. ಆದ್ದರಿಂದ ಲವಲವಿಕೆಯಿಂದ ಮೇಯುತ್ತಿದ್ದ ಎಮ್ಮೆಯ ಹೊಟ್ಟೆಯಲ್ಲೂ ಮನುಷ್ಯನಿಗೆ ಮಾರಕವಾಗುವ ರೋಗಾಣು ಇರಬಹುದು. ಕಣ್ಣಿನಿಂದ ನೋಡಿ ಅದನ್ನು ಪತ್ತೆ ಮಾಡಲು ಪಶುವೈದ್ಯರಿಗೂ ಸಾಧ್ಯವಿಲ್ಲ. ಹೀಗಿರುವಾಗ ತೊಗಲಿನ ಹೊರಗಿನದು ಮತ್ತು ಕರುಳಿನ ಒಳಗಿನದು ಮಾಂಸಕ್ಕೆ ತಾಗದಂತೆ ಕೆಲಸ ಮಾಡುವುದೇ ಮುಖ್ಯ. ಆಮ್ಲ, ಬಿಸಿನೀರು ಎಲ್ಲವೂ ಅದರ ನಂತರದವು.

ಅತ್ಯಂತ ಅಪಾಯದ ಘಟ್ಟ ತೊಗಲು ಸುಲಿಯುವುದು. ಮಳೆಗಾಲದಲ್ಲಿ ಕೆರೆಯ ಕೆಸರಿನಲ್ಲಿ ಮಲಗಿ ಬಂದ ಎಮ್ಮೆಯ ಮೈಮೇಲೆ ಸಗಣಿ ಮತ್ತು ಮಣ್ಣು ಪದರಗಟ್ಟಿರುತ್ತದೆ. ಅಂಥ ತೊಗಲಿನ ಮೂಲಕ ಹೊರಗಿನಿಂದ ಒಳಗೆ ಚೂರಿ ಎಳೆದರೆ ಚೂರಿಯ ಅಲಗೇ ಕೊಳೆಯನ್ನು ಮಾಂಸಕ್ಕೆ ಒಯ್ಯುತ್ತದೆ. ಒಮ್ಮೆ ಸಣ್ಣದಾಗಿ ಸೀಳಿ, ಚೂರಿಯನ್ನು ಶುದ್ಧಗೊಳಿಸಿ, ಆಮೇಲೆ ಅಲಗನ್ನು ಒಳಗಿನಿಂದ ಹೊರಮುಖವಾಗಿ ನಡೆಸುವುದು ಸರಿಯಾದ ಕ್ರಮ. ತೊಗಲು ಹಿಡಿದ ಕೈ ಮಾಂಸವನ್ನು ಮುಟ್ಟಬಾರದು. ಸುಲಿದು ಬಿಟ್ಟ ತೊಗಲಿನ ಅಂಚು ಒಳಕ್ಕೆ ಮಡಚಿಕೊಂಡು ಮಾಂಸಕ್ಕೆ ತಾಗಬಾರದು. ಒಡಲನ್ನು ನೆಲದ ಮೇಲೆ ಕೆಡವಿಕೊಂಡು ಸುಲಿಯುವ ಕಡೆ ಈ ಎಚ್ಚರಿಕೆಯನ್ನು ಪಾಲಿಸುವುದು ಬಹಳ ಕಷ್ಟ. ಸಣ್ಣ ವಧಾಗಾರದಲ್ಲಿ ಒಂದೇ ಒಂದು ಸುಧಾರಣೆಗೆ ಹಣವಿದ್ದರೆ ಅದನ್ನು ಒಡಲು ಎತ್ತಿ ತೂಗುಹಾಕುವ ಕೊಕ್ಕೆ ಮತ್ತು ಹಳಿಗೆ ಖರ್ಚು ಮಾಡಿ ಎಂದು ನಾನು ಹೇಳುತ್ತೇನೆ.

ಎರಡನೆಯ ಘಟ್ಟ ಕರುಳು ತೆಗೆಯುವುದು. ದೊಡ್ಡ ಕಾರ್ಖಾನೆಗಳಲ್ಲಿ ಅನ್ನನಾಳವನ್ನು ಬಿಡಿಸಿ ಕಟ್ಟುತ್ತಾರೆ ಅಥವಾ ಕ್ಲಿಪ್ ಹಾಕುತ್ತಾರೆ. ಗುದದ್ವಾರವನ್ನು ಸುತ್ತಲೂ ಬಿಡಿಸಿ, ಪ್ಲಾಸ್ಟಿಕ್ ಚೀಲ ತೊಡಿಸಿ, ಬಿಗಿಯಾಗಿ ಕಟ್ಟಿದ ಮೇಲೆಯೇ ಹೊಟ್ಟೆ ಸೀಳುತ್ತಾರೆ. ಈ ಎರಡು ಗಂಟುಗಳಿಗೆ ಯಂತ್ರ ಬೇಕಿಲ್ಲ, ದಾರ ಸಾಕು. ವಧೆಗೆ ಮುಂಚೆ ಮೇವು ನಿಲ್ಲಿಸಿ ನೀರು ಮಾತ್ರ ಕೊಟ್ಟಿದ್ದರೆ ಹೊಟ್ಟೆ ಬಿರಿಯುವಷ್ಟು ತುಂಬಿರುವುದಿಲ್ಲ, ಕರುಳು ಹರಿಯುವ ಸಂಭವವೂ ಕಡಿಮೆ. ಪ್ರಾಣಿಗೆ ವಿಶ್ರಾಂತಿ ಕೊಡುವುದರಲ್ಲಿ ಮತ್ತೊಂದು ಲಾಭವಿದೆ. ಮಾಂಸಖಂಡದಲ್ಲಿ ಶಕ್ತಿಗಾಗಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತು ವಧೆಯ ನಂತರ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗುತ್ತದೆ, ಆಗ ಮಾಂಸದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 7ರಿಂದ 5.5ರ ಆಸುಪಾಸಿಗೆ ಇಳಿಯುತ್ತದೆ, ಆ ಹುಳಿತನ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ದೂರದ ಸಂತೆಯಿಂದ ಲಾರಿಯಲ್ಲಿ ಒತ್ತೊತ್ತಾಗಿ ನಿಂತು, ಬೆದರಿ, ದಣಿದು ಬಂದ ಪ್ರಾಣಿಯಲ್ಲಿ ಗ್ಲೈಕೋಜನ್ ಮೊದಲೇ ಮುಗಿದಿರುತ್ತದೆ. ಅದರ ಮಾಂಸ ಕಪ್ಪಾಗಿ, ಅಂಟಂಟಾಗಿ, ಬೇಗನೆ ಕೆಡುತ್ತದೆ. ಪ್ರಾಣಿಯ ಮೇಲಿನ ದಯೆಯೂ ತಿನ್ನುವವರ ಆರೋಗ್ಯವೂ ಇಲ್ಲಿ ಒಂದೇ ಕಡೆ ಇವೆ.

ಚೂರಿಯ ಬಗ್ಗೆ: ರಕ್ತ ಮೆತ್ತಿದ ಚೂರಿಯನ್ನು ಬಕೆಟ್ಟಿನ ತಣ್ಣೀರಿನಲ್ಲಿ ಅದ್ದಿ ಮತ್ತೆ ಹಿಡಿಯುವುದರಿಂದ ಉಪಯೋಗವಿಲ್ಲ, ಆ ಬಕೆಟ್ಟೇ ಎಲ್ಲ ಪ್ರಾಣಿಗಳ ರೋಗಾಣುಗಳನ್ನು ಎಲ್ಲ ಮಾಂಸಕ್ಕೂ ಹಂಚುತ್ತದೆ. ವಧಾಗಾರಗಳಲ್ಲಿ ಚೂರಿ ಅದ್ದುವ ನೀರು 82 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಹಲವು ದೇಶಗಳಲ್ಲಿ ಪಾಲಿಸುವ ಅಳತೆ. ಒಬ್ಬೊಬ್ಬರಿಗೆ ಎರಡು ಚೂರಿ ಇದ್ದರೆ ಒಂದು ಬಿಸಿನೀರಿನಲ್ಲಿರುವಾಗ ಇನ್ನೊಂದರಿಂದ ಕೆಲಸ ಸಾಗುತ್ತದೆ.

ಈಗ ನಿಮ್ಮ ತೊಳೆಯುವ ಪ್ರಶ್ನೆ. ನಲ್ಲಿ ನೀರು ರಕ್ತವನ್ನೂ ಕೂದಲನ್ನೂ ತೊಳೆಯುತ್ತದೆ, ಆದರೆ ರೋಗಾಣುಗಳನ್ನು ಕೊಲ್ಲುವುದಿಲ್ಲ. ಮಾಂಸದ ಮೇಲೆ ಬಿದ್ದ ಬ್ಯಾಕ್ಟೀರಿಯಾಗಳು ಮೊದಲು ತೇವದ ಪದರದಲ್ಲಿ ಸಡಿಲವಾಗಿದ್ದು, ಸಮಯ ಕಳೆದಂತೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ತಡವಾಗಿ ತೊಳೆದರೆ ಅವು ಕದಲುವುದಿಲ್ಲ. ಸಗಣಿ ಮೆತ್ತಿದ ಒಂದು ಜಾಗದ ಮೇಲೆ ನೀರು ಹಾಯಿಸಿದರೆ ತೊಡೆಯ ಮೇಲಿದ್ದುದು ಎದೆಯವರೆಗೂ ಹರಡುತ್ತದೆ. ಅದಕ್ಕೇ ಅಮೆರಿಕದಲ್ಲಿ ಕಣ್ಣಿಗೆ ಕಾಣುವ ಸಗಣಿ, ಹೊಟ್ಟೆಯ ಮೇವು, ಹಾಲು ತಾಗಿದ ಭಾಗವನ್ನು ಚೂರಿಯಿಂದ ಕೊಯ್ದು ತೆಗೆಯಬೇಕು; ಬಹಳ ಚಿಕ್ಕ ಕಲೆಯಾದರೆ ಹಬೆ ಹಾಯಿಸುತ್ತಲೇ ಹೀರಿಕೊಳ್ಳುವ ಉಪಕರಣವನ್ನು ಬಳಸಬಹುದು. ನೀವೂ ಕಲೆ ಕಂಡಲ್ಲಿ ಕೊಯ್ದು ಎಸೆಯಿರಿ, ತೊಳೆಯಬೇಡಿ. ಕೆಲವು ತೊಲೆ ಮಾಂಸ ಹಾಳಾದರೂ ಚಿಂತೆಯಿಲ್ಲ. ಇನ್ನೊಂದು ಮಾತು: ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಿಗೆ ನಲ್ಲಿ ನೀರು ದಿನಗಟ್ಟಲೆ ಬಿಟ್ಟು ಬರುವುದರಿಂದ ಅಂಗಡಿಯವರು ಟಾಕಿಯಲ್ಲಿ ತುಂಬಿಟ್ಟ ನೀರನ್ನೇ ಬಳಸುತ್ತಾರೆ. ಟಾಕಿಯಲ್ಲಿ ನಿಂತಷ್ಟೂ ಕ್ಲೋರಿನ್ ಅಂಶ ಕಡಿಮೆಯಾಗುತ್ತದೆ. ಕುಡಿಯಲು ಯೋಗ್ಯವಲ್ಲದ ನೀರು ಮಾಂಸಕ್ಕೂ ಯೋಗ್ಯವಲ್ಲ.

ನಿಮ್ಮ ಸೋದರಳಿಯ ಹೇಳಿದ ವಿಧಾನಗಳು ನಿಜ, ಅವುಗಳಿಂದ ಪ್ರಯೋಜನವೂ ಇದೆ. ಒಡಲಿನ ಮೇಲ್ಮೈ ಬಿಸಿಯಾಗುವಂತೆ 74 ಡಿಗ್ರಿಗೂ ಹೆಚ್ಚು ಬಿಸಿಯಾದ ನೀರನ್ನು ಹಾಯಿಸಿದರೆ, ಇಲ್ಲವೇ ಕೆಲವು ಸೆಕೆಂಡು ಹಬೆಯ ಕೋಣೆಯಲ್ಲಿ ಇರಿಸಿದರೆ ಮೇಲ್ಮೈಯ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಸಾಯುತ್ತವೆ. ಲ್ಯಾಕ್ಟಿಕ್ ಆಮ್ಲವನ್ನು ಶೇಕಡಾ 2ರಿಂದ 5ರ ಪ್ರಮಾಣದಲ್ಲಿ ಸಿಂಪಡಿಸುತ್ತಾರೆ. ಯುರೋಪಿಯನ್ ಒಕ್ಕೂಟವು ಬಹಳ ವರ್ಷ ಒಪ್ಪದೆ, 2013ರಲ್ಲಿ ಇದೇ ಪ್ರಮಾಣಕ್ಕೆ ದನದ ಒಡಲಿನ ಮಟ್ಟಿಗೆ ಅನುಮತಿ ಕೊಟ್ಟಿತು. ತಿನ್ನುವವರಿಗೆ ಇದರಿಂದ ಅಪಾಯವಿಲ್ಲ, ಏಕೆಂದರೆ ಮೊಸರನ್ನು ಹುಳಿಯಾಗಿಸುವ ಆಮ್ಲವೂ ಇದೇ, ಮಾಂಸದಲ್ಲಿ ತಾನಾಗಿ ಹುಟ್ಟುವುದೂ ಇದೇ. ಆದರೆ ಅದರ ಶಕ್ತಿಗೆ ಮಿತಿಯಿದೆ. ಸಾಮಾನ್ಯವಾಗಿ ಹತ್ತರಲ್ಲಿ ಒಂಬತ್ತು, ಎಲ್ಲವೂ ಸರಿಯಾಗಿ ನಡೆದರೆ ನೂರರಲ್ಲಿ ತೊಂಬತ್ತೊಂಬತ್ತು ಬ್ಯಾಕ್ಟೀರಿಯಾಗಳನ್ನು ಅದು ಕಡಿಮೆ ಮಾಡೀತು. ಮೇಲ್ಮೈಯಲ್ಲಿ ಲಕ್ಷಾಂತರ ಇದ್ದರೆ ಆಗಲೂ ಸಾವಿರಾರು ಉಳಿಯುತ್ತವೆ. ಮೇಲಾಗಿ ಇ. ಕೋಲಿ ಒ157 ಹುಳಿಯನ್ನು ಸಾಕಷ್ಟು ತಡೆದುಕೊಳ್ಳಬಲ್ಲ ರೋಗಾಣು; ಮನುಷ್ಯನಿಗೆ ರೋಗ ತರಲು ಅದರ ನೂರಕ್ಕೂ ಕಡಿಮೆ ಕೋಶಗಳು ಸಾಕಾಗಬಹುದು. ಕೊಳಕಾಗಿ ಸುಲಿದು ಆಮ್ಲ ಸಿಂಪಡಿಸಿದ ಮಾಂಸಕ್ಕಿಂತ ಶುಚಿಯಾಗಿ ಸುಲಿದು ಏನನ್ನೂ ಸಿಂಪಡಿಸದ ಮಾಂಸವನ್ನೇ ನಾನು ಆರಿಸಿಕೊಳ್ಳುತ್ತೇನೆ. ಅಳತೆ, ಉಷ್ಣತೆ, ತರಬೇತಿ ಇಲ್ಲದೆ ಅಂಗಡಿಯಲ್ಲಿ ಆಮ್ಲ ಬಳಸಲು ಹೋಗಬೇಡಿ.

ನಿಮ್ಮ ಹಣ ಮತ್ತು ಶ್ರಮ ಹೋಗಬೇಕಾದದ್ದು ತಂಪಿಗೆ. ಸಾಲ್ಮೊನೆಲ್ಲಾ, ಇ. ಕೋಲಿಗಳ ಬೆಳವಣಿಗೆ ಸುಮಾರು 7 ಡಿಗ್ರಿಗಿಂತ ಕೆಳಗೆ ಬಹುತೇಕ ನಿಂತುಹೋಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಗಡಿಯ ಮುಂದೆ ನೇತಾಡುವ ಮಾಂಸದ ಮೇಲೆ, ಅನುಕೂಲ ಸಿಕ್ಕರೆ, ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ದ್ವಿಗುಣವಾಗಬಲ್ಲದು. ಆ ಲೆಕ್ಕದಲ್ಲಿ ನೂರು ಇದ್ದದ್ದು ನಾಲ್ಕು ಗಂಟೆಯಲ್ಲಿ ನಾಲ್ಕು ಲಕ್ಷ ದಾಟುತ್ತದೆ. ಗಿರಾಕಿಗಳು ಬಿಸಿ ಮಾಂಸವನ್ನೇ ತಾಜಾ ಎಂದು ನಂಬುತ್ತಾರೆ, ತಂಪಿನಲ್ಲಿಟ್ಟದ್ದನ್ನು ಹಳೆಯದೆಂದು ಅನುಮಾನಿಸುತ್ತಾರೆ ಎಂಬುದು ನನಗೆ ಗೊತ್ತು. ಒಂದು ತುಂಡನ್ನು ಮಾತ್ರ ತೋರಿಕೆಗೆ ಇಟ್ಟು ಉಳಿದದ್ದನ್ನು ಫ್ರಿಜ್‌ನಲ್ಲಿಡಿ. ಕೇಳಿದವರಿಗೆ ಕಾರಣ ಹೇಳಿ. ಕೊಚ್ಚುವ ಮರದ ದಿಮ್ಮಿಯನ್ನು ಪ್ರತಿದಿನ ಕೆರೆದು, ಸೋಪಿನಿಂದ ಉಜ್ಜಿ, ಕುದಿಯುವ ನೀರು ಸುರಿದು, ಒಣಗಲು ಬಿಡಬೇಕು. ರಕ್ತ ಮತ್ತು ಕೊಬ್ಬು ಉಳಿದಿರುವ ದಿಮ್ಮಿಯ ಮೇಲೆ ಬ್ಲೀಚಿಂಗ್ ನೀರು ಹಾಕಿದರೆ ಅದರ ಶಕ್ತಿ ಆ ಕೊಳೆಯ ಮೇಲೆಯೇ ವ್ಯರ್ಥವಾಗುತ್ತದೆ.

ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನಂತೆ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಮಾತ್ರ, ಅದೂ ಪ್ರಮಾಣಪತ್ರ ಪಡೆದು, ವಧಿಸಬಹುದೆಂಬುದು ನಿಮಗೆ ತಿಳಿದೇ ಇದೆ. 2001ರ ಕೇಂದ್ರ ನಿಯಮಗಳಂತೆ ಒಬ್ಬ ಪಶುವೈದ್ಯರು ವಧೆಗೆ ಮುಂಚೆ ಗಂಟೆಗೆ 12ಕ್ಕಿಂತ ಹೆಚ್ಚು ಪ್ರಾಣಿಗಳನ್ನು ತಪಾಸಣೆ ಮಾಡುವಂತಿಲ್ಲ. ತಪಾಸಣೆಯಾದ ಪ್ರಾಣಿಯ ಮಾಂಸವನ್ನೇ ಕೇಳಿ ಪಡೆಯುವುದು ನಿಮ್ಮ ಹಕ್ಕು.

ಪ್ರಶ್ನೆ: ಡಾಕ್ಟರೇ, ನಾವು ಮನೆಯಲ್ಲಿ ಮಾಂಸವನ್ನು ಅರಿಷಿಣ, ಉಪ್ಪು, ಲಿಂಬೆರಸ ಹಚ್ಚಿ ಮೂರು ನಾಲ್ಕು ನೀರಿನಲ್ಲಿ ತೊಳೆಯುತ್ತೇವೆ. ಇದರಿಂದ ರೋಗಾಣು ಸಾಯುವುದಿಲ್ಲವೇ?
— ಗೃಹಿಣಿ, ರಾಣೆಬೆನ್ನೂರು

ಉತ್ತರ: ವಾಸನೆ ಕಡಿಮೆಯಾಗುತ್ತದೆ, ರುಚಿ ಬರುತ್ತದೆ. ರೋಗಾಣುಗಳಲ್ಲಿ ಒಂದಷ್ಟು ಸತ್ತರೂ ಅದನ್ನು ನಂಬಿ ಕೂರುವಂತಿಲ್ಲ. ನಲ್ಲಿಯ ಕೆಳಗೆ ತೊಳೆಯುವಾಗ ಸಿಡಿಯುವ ಹನಿಗಳು ಸಿಂಕಿನ ಸುತ್ತ, ಪಕ್ಕದ ಪಾತ್ರೆಗಳ ಮೇಲೆ ಬೀಳುತ್ತವೆ ಎಂಬುದು ಹೆಚ್ಚು ಚಿಂತೆಯ ವಿಷಯ. ನಮ್ಮ ಕಡೆಯ ಮಾಂಸದ ಸಾರು ಕುದಿದು ಕುದಿದು ಬೇಯುವುದರಿಂದ ಅದರೊಳಗಿನ ಇ. ಕೋಲಿ, ಸಾಲ್ಮೊನೆಲ್ಲಾ ಉಳಿಯುವುದಿಲ್ಲ. ಅಪಾಯ ಇರುವುದು ಅದೇ ಈಳಿಗೆಯಲ್ಲಿ, ಅದೇ ಹಲಗೆಯ ಮೇಲೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು ಉಳ್ಳಾಗಡ್ಡಿ, ಸೌತೆಕಾಯಿ ಹೆಚ್ಚುವುದರಲ್ಲಿ. ಹಸಿಯಾಗಿ ತಿನ್ನುವುದನ್ನು ಮೊದಲು ಹೆಚ್ಚಿಟ್ಟು, ಮುಚ್ಚಿ, ಆಮೇಲೆ ಮಾಂಸಕ್ಕೆ ಕೈ ಹಾಕಿ. ತೊಳೆಯಲೇಬೇಕೆಂದರೆ ಅಗಲವಾದ ಪಾತ್ರೆಯಲ್ಲಿ ನಿಧಾನವಾಗಿ ತೊಳೆದು, ಆ ನೀರನ್ನು ಸಿಡಿಸದೆ ಚೆಲ್ಲಿ, ಕೈಯನ್ನೂ ಸಿಂಕನ್ನೂ ಸೋಪು ಹಚ್ಚಿ ತೊಳೆಯಿರಿ.

ದೊಡ್ಡ ಪಾತ್ರೆಯ ಸಾರನ್ನು ರಾತ್ರಿಯಿಡೀ ಒಲೆಯ ಮೇಲೆಯೇ ಬಿಡುವ ರೂಢಿ ಇದ್ದರೆ ಅದನ್ನೂ ಬಿಡಬೇಕು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ರೋಗಾಣುವಿನ ಬೀಜಕಗಳು ಕುದಿಸಿದರೂ ಸಾಯದೆ, ಸಾರು ನಿಧಾನವಾಗಿ ಆರುವ ಹೊತ್ತಿನಲ್ಲಿ ಮೊಳೆತು ಬೆಳೆಯುತ್ತವೆ. ಉಳಿದದ್ದನ್ನು ಚಿಕ್ಕ, ಅಗಲವಾದ ಪಾತ್ರೆಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಪ್ರಶ್ನೆ: ತುಂಡು ಮಾಂಸಕ್ಕಿಂತ ಖೀಮಾ ಹೆಚ್ಚು ಅಪಾಯವೆಂದು ಕೇಳಿದ್ದೇನೆ, ನಿಜವೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
— ಓದುಗರೊಬ್ಬರು, ಗದಗ

ಉತ್ತರ: ನಿಜ. ತುಂಡಿನ ಮೇಲ್ಮೈಯಲ್ಲಿದ್ದ ರೋಗಾಣು ಅರೆದಾಗ ಒಳಗೆಲ್ಲ ಸೇರುತ್ತದೆ; ಹಲವು ಪ್ರಾಣಿಗಳ ಮಾಂಸ ಒಂದೇ ಯಂತ್ರದಲ್ಲಿ ಬೆರೆತರೆ ಒಂದರ ರೋಗಾಣು ಎಲ್ಲಕ್ಕೂ ಹರಡುತ್ತದೆ. 1993ರಲ್ಲಿ ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡರು. ಆ ಮರುವರ್ಷ ಅಲ್ಲಿನ ಸರ್ಕಾರ ಇ. ಕೋಲಿ ಒ157 ಇರುವ ಹಸಿ ಖೀಮಾವನ್ನು ಕಲಬೆರಕೆ ಎಂದೇ ಘೋಷಿಸಿತು. ನಿಮ್ಮ ಮೇಲಿನ ಓದುಗರ ಸೋದರಳಿಯ ಕಂಡ ಬಿಸಿನೀರು, ಆಮ್ಲಗಳ ಏರ್ಪಾಡು ಅಲ್ಲಿ ವ್ಯಾಪಕವಾದದ್ದು ಆ ನಂತರವೇ. ಕಣ್ಣೆದುರೇ, ತೊಳೆದ ಯಂತ್ರದಲ್ಲಿ ಅರೆಸಿಕೊಂಡು, ಅಂದೇ ಬೇಯಿಸಿ. ಕಬಾಬ್, ಕಟ್ಲೆಟ್‌ಗಳ ನಡುಭಾಗ 71 ಡಿಗ್ರಿ ಮುಟ್ಟಬೇಕು; ಬಣ್ಣ ಕಂದಾದ ಮಾತ್ರಕ್ಕೆ ಬೆಂದಿದೆ ಎನ್ನಲಾಗದು, ಖೀಮಾ ಅದಕ್ಕಿಂತ ಮೊದಲೇ ಕಂದಾಗಬಹುದು.

ಮಗುವಿಗೆ ರಕ್ತಭೇದಿ ಕಾಣಿಸಿಕೊಂಡರೆ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ ಆ್ಯಂಟಿಬಯಾಟಿಕ್ ಅನ್ನಾಗಲಿ ಅಂಗಡಿಯಿಂದ ತಂದು ಕೊಡಬೇಡಿ. ಇ. ಕೋಲಿ ಒ157 ರೋಗಾಣುವಿನ ವಿಷ ಮೂತ್ರಪಿಂಡಕ್ಕೆ ಹೊಡೆಯುತ್ತದೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಅಪಾಯ ಹೆಚ್ಚು. ಮೂತ್ರ ಕಡಿಮೆಯಾಗುವುದು, ಮುಖ ಬಿಳಿಚಿಕೊಳ್ಳುವುದು, ಮಂಕಾಗುವುದು ಇವುಗಳಿಗಾಗಿ ಕಾಯದೆ ಅಂದೇ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ದು, ಹಿಂದಿನ ವಾರ ಮಗು ಏನೇನು ತಿಂದಿತ್ತು ಎಂಬುದನ್ನು ತಪ್ಪದೆ ಹೇಳಿ.