'ಸ್ಟಾಕ್ ಇಲ್ಲ' ಎಂಬ ಮಾತಿನ ಬೆಲೆ

ಬಂಗಾರಪೇಟೆಯ ಓದುಗರೊಬ್ಬರು ನೊಂದು ಬರೆದಿದ್ದಾರೆ. 2021ರಲ್ಲಿ ಮಗನಿಗಾಗಿ ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಎಂಬ, ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆ ಹುಡುಕಿ ಮೂರು ತಿಂಗಳು ಅಲೆದರಂತೆ. ಕೊನೆಗೆ ಅಂಗಡಿಯೊಂದರಲ್ಲಿ 49,990 ರೂಪಾಯಿಯ ಪೆಟ್ಟಿಗೆಗೆ ಹದಿನೈದು ಸಾವಿರ ಹೆಚ್ಚಿಗೆ ತೆತ್ತರು. ಈಗ ಅದರ ಮೇಲೆ ದೂಳು ಕೂತಿದೆ. 'ಕಂಪನಿ ಬೇಕೆಂದೇ ಕೊರತೆ ಮಾಡಿತೇ, ನಾನೇ ಮೋಸ ಹೋದೆನೇ?' ಎಂಬುದು ಅವರ ಪ್ರಶ್ನೆ.

ಕಂಪನಿಯ ಪರವಾದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಕೋವಿಡ್ ಕಾಲದಲ್ಲಿ ಇಂಥ ಯಂತ್ರಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ನಿಜವಾಗಿಯೂ ಬರ ಬಂದಿತ್ತು, ಕಾರು ಕಾರ್ಖಾನೆಗಳೇ ನಿಂತಿದ್ದವು.

ಆದರೆ ಸ್ವಾಮಿ, ಕೋಲಾರದವರಾದ ನಮಗೆ ಕೊರತೆ ಹೊಸದೇ? 2023ರ ಜುಲೈನಲ್ಲಿ ನಮ್ಮ ಮಂಡಿಯಲ್ಲಿ ಹದಿನೈದು ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತು. ನಮ್ಮ ಮನೆಯ ಸಾರಿಗೆ ಹುಣಸೆಹಣ್ಣೇ ಗತಿಯಾಯಿತು. ಸಿಗುವುದಿಲ್ಲವೆಂದು ಟೊಮೆಟೊ ಮೇಲೆ ಯಾರಿಗೂ ಮೋಹ ಹುಟ್ಟಲಿಲ್ಲ. ಗೇಮ್ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಇಲ್ಲವೆಂದಷ್ಟೂ ಆಸೆ ಹಿಗ್ಗುತ್ತದೆ. ಭಾರತದಲ್ಲಿ ಅದಕ್ಕೆ ಮುಂಗಡ ಬುಕಿಂಗ್ ತೆರೆದ 2021ರ ಜನವರಿ 12ರಂದು ನಿಮಿಷಗಳಲ್ಲಿ ಸ್ಟಾಕ್ ಮುಗಿದಿತ್ತು. ಆ ಸುದ್ದಿಗಿಂತ ದೊಡ್ಡ ಜಾಹೀರಾತು ಬೇಕೇ?

ಅಮೆರಿಕದಲ್ಲಿ 1975ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಕೆಲವರಿಗೆ ಹತ್ತು ಬಿಸ್ಕತ್ತಿದ್ದ ಜಾಡಿಯಿಂದ, ಕೆಲವರಿಗೆ ಎರಡೇ ಇದ್ದ ಜಾಡಿಯಿಂದ ಬಿಸ್ಕತ್ತು ಕೊಟ್ಟರು. ಎರಡರ ಜಾಡಿಯದೇ ಹೆಚ್ಚು ಬೇಕೆನಿಸಿತು. ಬೇರೆಯವರು ತೆಗೆದುಕೊಂಡಿದ್ದರಿಂದ ಕಡಿಮೆಯಾಗಿದೆ ಎಂದಾಗಲಂತೂ ಆಸೆ ಇನ್ನೂ ಏರಿತು. ಆದರೆ ರುಚಿ ಹೆಚ್ಚಿದೆಯೆಂದು ಅವರು ಹೇಳಲಿಲ್ಲ! ನಿಮ್ಮ ಮನೆಯ ದೂಳಿಗೆ ಕಾರಣ ಅಲ್ಲಿದೆ.

ಕಾರ್ಖಾನೆ ಎಷ್ಟು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ಕಾಲದಲ್ಲಿ ನಮ್ಮ ತಂದೆ ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದಿದ್ದರು. ಬುಕಿಂಗ್ ರಸೀದಿ ಕಬ್ಬಿಣದ ಟ್ರಂಕಿನಲ್ಲಿ, ಅಮ್ಮನ ಮದುವೆ ಸೀರೆಯ ಮಡಿಕೆಯೊಳಗೆ ಇರುತ್ತಿತ್ತು. ಗಾಡಿ ಬರುವ ಮೊದಲೇ ಒಬ್ಬರು ಆ ಚೀಟಿಗೇ ದುಪ್ಪಟ್ಟು ಹಣ ಕೊಡಲು ಬಂದರು. ಅಂದಿನ ಆ ದಲ್ಲಾಳಿಯೇ ಇಂದು ಕಂಪ್ಯೂಟರಿನಲ್ಲಿ ಬಾಟ್, ಅಂದರೆ ತಾನಾಗಿಯೇ ಆರ್ಡರ್ ಹಾಕುವ ತಂತ್ರಾಂಶ, ಹಚ್ಚಿ ನೂರಾರು ಪೆಟ್ಟಿಗೆ ಬಾಚಿಕೊಳ್ಳುತ್ತಾನೆ. ಕಂಪನಿಗಳು ಮನಸ್ಸು ಮಾಡಿದರೆ ಅವನನ್ನು ತಡೆಯಬಹುದು. 2025ರಲ್ಲಿ ನಿಂಟೆಂಡೊ ಎಂಬ ಗೇಮ್ ಕಂಪನಿ ತನ್ನ ಹೊಸ ಪೆಟ್ಟಿಗೆ ಸ್ವಿಚ್ 2 ಯಾರಿಗೆ ಮಾರಬೇಕೆಂದು ಆರಿಸಲು ಜಪಾನಿನಲ್ಲಿ ಲಾಟರಿ ಇಟ್ಟಿತು. ಹಳೆಯ ಯಂತ್ರದಲ್ಲಿ 50 ಗಂಟೆ ಆಡಿದವರಿಗಷ್ಟೇ ಅರ್ಜಿ ಹಾಕುವ ಅವಕಾಶ. ಆದರೂ ಸುಮಾರು 22 ಲಕ್ಷ ಅರ್ಜಿ ಬಂದವು.

ಗೇಮ್ ಪೆಟ್ಟಿಗೆಯೊಂದೇ ಅಲ್ಲ, ಇಂದು ಚಪ್ಪಲಿ ಕೊಳ್ಳಲು ಹೋದರೂ ಮೊಬೈಲ್ 'ಇನ್ನು ಎರಡೇ ಉಳಿದಿವೆ' ಎಂದು ಹೆದರಿಸುತ್ತದೆ. ಇಂಥ ಸುಳ್ಳು ಅವಸರವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲೇ ನಿಷೇಧಿಸಿದೆ. ಕಾಗದದ ಮೇಲಿನ ಆ ನಿಷೇಧ ನಮ್ಮ ಮಕ್ಕಳ ಮೊಬೈಲಿಗೆ ಇಳಿಯುವುದು ಯಾವಾಗ?

ನಿಮ್ಮ ಮೇಲೆ ನನಗೆ ಒಂದೇ ಸಿಟ್ಟು. ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಕೇಳುವುದು ಕಾನೂನಿಗೆ ವಿರುದ್ಧ ಎಂದು ಗೊತ್ತಿದ್ದೂ ನೀವು ಬಿಲ್ ಇಲ್ಲದೆ ಹಣ ಎಣಿಸಿದಿರಿ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವೂ ದಾಟಿತು. ಮುಂದೆ ಯಾರಾದರೂ ಹೀಗೆ ಕೇಳಿದರೆ ಬಿಲ್ ಬರೆಯಿರಿ ಎನ್ನಿ, ಅಲ್ಲೇ ನಿಂತು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.