ಸಂಪಾದಕರ ಉತ್ತರ: ಪಾದರಸ ಮತ್ತು ಮೀನಿನ ಆರೋಗ್ಯ

ಮಾನ್ಯ ಓದುಗರೇ,

ಪಾದರಸ ಮಾಲಿನ್ಯದ ಕುರಿತ ನಮ್ಮ ಲೇಖನವನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಪಾದರಸ ಸೇರಿದ ಕೆರೆಯಲ್ಲೂ ಮೀನುಗಳು ದಷ್ಟಪುಷ್ಟವಾಗಿಯೇ ಇರುವಾಗ, ಕೇಡು ತಿನ್ನುವವರಿಗಷ್ಟೇ ಅಲ್ಲವೇ? ಒಮ್ಮೆ ಕೆಟ್ಟ ಕೆರೆ ಮತ್ತೆ ಸುಧಾರಿಸೀತೇ?

ಮೊದಲನೆಯದಕ್ಕೆ ನಮ್ಮ ಉತ್ತರ ಸ್ಪಷ್ಟ: ಕೇಡು ಮೀನಿಗೂ ಇದೆ, ಆದರೆ ಅದು ಸತ್ತು ತೇಲುವ ಮೀನುಗಳ ರೂಪದಲ್ಲಿ ಕಾಣಿಸುವುದು ಅಪರೂಪ. ಕಲ್ಲಿದ್ದಲಿನ ಹೊಗೆಯಿಂದಲೋ ಚಿನ್ನದ ಸಣ್ಣ ಗಣಿಗಳಿಂದಲೋ ಬಂದು ತಳ ಸೇರುವ ಪಾದರಸವನ್ನು, ಆಮ್ಲಜನಕವಿಲ್ಲದ ಕೆಸರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಇದು ಸ್ನಾಯುವಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ದೇಹದಿಂದ ಹೊರಹೋಗುವುದು ಬಹಳ ನಿಧಾನ, ಬೇಯಿಸಿದರೂ ಹೋಗದು. ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಅದನ್ನು ನುಂಗುವ ದೊಡ್ಡ ಮೀನಿಗೆ ದಾಟುತ್ತ ಹೋದಂತೆ ಅದರ ಸಾಂದ್ರತೆ ನೀರಿನಲ್ಲಿರುವುದರ ಹತ್ತು ಲಕ್ಷ ಪಟ್ಟನ್ನೂ ಮುಟ್ಟಬಹುದು.

ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಸಿಹಿನೀರಿನ ಮೀನುಗಳಿಗೆ ಮೀಥೈಲ್ ಪಾದರಸ ಬೆರೆತ ಆಹಾರ ಕೊಟ್ಟು ನಡೆಸಿದ ಪ್ರಯೋಗಗಳನ್ನು ಇಲ್ಲಿ ಗಮನಿಸಬೇಕು. ಮೊಟ್ಟೆಯಿಡುವ ಜೋಡಿಗಳು ಕಡಿಮೆಯಾದವು, ಇಟ್ಟವೂ ತಡವಾಗಿ ಇಟ್ಟವು. ಹೆಣ್ಣುಗಳ ಅಂಡಾಶಯ ಮೈತೂಕಕ್ಕೆ ತಕ್ಕಷ್ಟು ಬೆಳೆದಿರಲಿಲ್ಲ, ಅವುಗಳ ರಕ್ತದಲ್ಲಿ ಈಸ್ಟ್ರಡಯಾಲ್, ಗಂಡುಗಳಲ್ಲಿ ಟೆಸ್ಟೊಸ್ಟೆರಾನ್ ಎಂಬ ಲೈಂಗಿಕ ಹಾರ್ಮೋನುಗಳು ಕುಸಿದಿದ್ದವು. ಗೋಲ್ಡನ್ ಶೈನರ್ ಎಂಬ ಮತ್ತೊಂದು ಮೀನಿನಲ್ಲಿ, ಇಂಥದೇ ಆಹಾರ ತಿಂದು, ಬೇಟೆಹಕ್ಕಿಯ ಆಕೃತಿ ಕಂಡು ಬೆದರಿದ ಗುಂಪಿಗೆ ಮೊದಲಿನ ಸ್ಥಿತಿಗೆ ಮರಳಲು ಹೆಚ್ಚು ಹೊತ್ತು ಹಿಡಿಯಿತು. ಕಣ್ಣಿಗೆ ದಷ್ಟಪುಷ್ಟವಾಗಿ ಕಾಣುವ ಮೀನಿನ ಸಂತಾನಶಕ್ತಿಯೂ ಎಚ್ಚರವೂ ಹೀಗೆ ಒಳಗೊಳಗೇ ಕುಂದಿರಬಹುದು. ಆದ್ದರಿಂದ, ಮೀನು ಸತ್ತಾಗ ಮಾತ್ರ ಕೆರೆಯನ್ನು ಪರೀಕ್ಷಿಸುವ ಕ್ರಮ ತೀರ ಸಾಲದು ಎಂದು ನಾವು ದೃಢವಾಗಿ ನಂಬುತ್ತೇವೆ.

ಎರಡನೆಯ ಪ್ರಶ್ನೆಗೆ ಕೆನಡಾದ ಒಂಟೇರಿಯೊದಲ್ಲಿರುವ 658ನೇ ಸಂಖ್ಯೆಯ ಸರೋವರ ಭರವಸೆಯ ಉತ್ತರ ಕೊಟ್ಟಿದೆ. ವಿಜ್ಞಾನಿಗಳು, ಬೇರೆ ಪಾದರಸದಿಂದ ಪ್ರತ್ಯೇಕವಾಗಿ ಗುರುತಿಸಬಹುದಾದ ಪಾದರಸದ ಐಸೋಟೋಪನ್ನು (ಪರಮಾಣುವಿನ ತೂಕದಲ್ಲಿ ಮಾತ್ರ ಭಿನ್ನವಾದ ರೂಪ) 2001ರಿಂದ 2007ರವರೆಗೆ ಅದಕ್ಕೆ ಸೇರಿಸಿ ಬಳಿಕ ನಿಲ್ಲಿಸಿದಾಗ, ಆ ಪಾದರಸದ ಪ್ರಮಾಣ ಮೊದಲು ಸಣ್ಣ ಜೀವಿಗಳಲ್ಲೂ ಆಮೇಲೆ ದೊಡ್ಡ ಮೀನುಗಳಲ್ಲೂ, ಕೆಲವೇ ವರ್ಷಗಳಲ್ಲಿ ಗಣನೀಯವಾಗಿ ಇಳಿಯಿತು. ಆದರೆ ಅದೇ ಪ್ರಾಂತ್ಯದ ವಾಬಿಗೂನ್ ನದಿಗೆ 1962ರಿಂದ 1970ರವರೆಗೆ ಕಾರ್ಖಾನೆಯೊಂದು ಟನ್ನುಗಟ್ಟಲೆ ಪಾದರಸ ಸುರಿದಿತ್ತು. ಅದು ತಳದ ಕೆಸರಿನಲ್ಲೇ ಉಳಿದುಕೊಂಡಿದ್ದರಿಂದ, ಅರ್ಧ ಶತಮಾನ ಕಳೆದರೂ ಅಲ್ಲಿನ ಮೀನುಗಳು ಪಾದರಸಮುಕ್ತವಾಗಿಲ್ಲ.

— ಸಂಪಾದಕ