6ನೇ ಬವೇರಿಯನ್ ಮೀಸಲು ಡಿವಿಷನ್ ಮೊದಲ ಮಹಾಯುದ್ಧದಲ್ಲಿ ಎಲ್ಲೆಲ್ಲಿ ಹೋರಾಡಿತು?

ಹೆಸರಿನಲ್ಲಿ ‘ಮೀಸಲು’ ಎಂದಿದ್ದರೂ ಈ ಡಿವಿಷನ್ (ಹಲವು ರೆಜಿಮೆಂಟುಗಳ ದೊಡ್ಡ ಸೇನಾ ಘಟಕ) ಹಿಂದೆ ಉಳಿದ ಪಡೆಯಾಗಿರಲಿಲ್ಲ. 1914ರ ಶರತ್ಕಾಲದಲ್ಲಿ ಜರ್ಮನಿಯ ಬವೇರಿಯಾದಲ್ಲಿ ಇದನ್ನು ಹೊಸದಾಗಿ ಕಟ್ಟಲಾಯಿತು. ಕೆಲವೇ ವಾರಗಳ ತರಬೇತಿಯ ನಂತರ ಅಕ್ಟೋಬರ್ ಕೊನೆಯಲ್ಲಿ ಬೆಲ್ಜಿಯಂನ ಈಪ್ರ್ ಬಳಿಯ ಗೆಲುವೆಲ್ಟ್ ಕದನಕ್ಕೆ ಇಳಿಸಲಾಯಿತು. ಇವರೆಲ್ಲ ಸ್ವಯಂಸೇವಕ ವಿದ್ಯಾರ್ಥಿಗಳೆಂಬ ಜನಪ್ರಿಯ ನಂಬಿಕೆ ಸರಿಯಲ್ಲ. ಬಹಳ ಮಂದಿ ಹಿಂದೆ ಸೈನಿಕ ತರಬೇತಿಯನ್ನೇ ಪಡೆಯದಿದ್ದ, ಕಡ್ಡಾಯವಾಗಿ ಕರೆಸಿಕೊಂಡ ಸಾಮಾನ್ಯ ಜನರಾಗಿದ್ದರು. ಶಿರಸ್ತ್ರಾಣಗಳ ಕೊರತೆಯಿಂದ ಬಟ್ಟೆಯ ಟೋಪಿ ಧರಿಸಿದ್ದ ಇವರನ್ನು ಬ್ರಿಟಿಷರೆಂದು ತಪ್ಪಾಗಿ ತಿಳಿದು ಜರ್ಮನ್ ಸೈನಿಕರೇ ಗುಂಡು ಹಾರಿಸಿದ್ದು ಈ ಕದನದ ಅತ್ಯಂತ ದುಃಖಕರ ಸಂಗತಿ. ಈ ಡಿವಿಷನ್ನಿನ 16ನೇ ರೆಜಿಮೆಂಟಿನ ಮುಖ್ಯಸ್ಥ ಯೂಲಿಯುಸ್ ಲಿಸ್ಟ್ ಅಕ್ಟೋಬರ್ 31ರಂದು ಮಡಿದರು. ಅಡಾಲ್ಫ್ ಹಿಟ್ಲರ್ ಸಂದೇಶವಾಹಕನಾಗಿದ್ದದ್ದು ಇದೇ ರೆಜಿಮೆಂಟಿನಲ್ಲಿ. ಡಿವಿಷನ್ನಿನ ಇತರರ ಕಥೆ ಆ ಒಂದು ಹೆಸರಿನ ಹಿಂದೆ ಮರೆಯಾಗಿರುವುದು ನ್ಯಾಯವಲ್ಲ.

1915ರ ಮಾರ್ಚ್ 12ರಂದು, ಬ್ರಿಟಿಷರ ಕಡೆಯಿಂದ ಭಾರತೀಯ ಸೈನಿಕರೂ ಹೋರಾಡಿದ ಉತ್ತರ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ, ಈ ಡಿವಿಷನ್ ಪ್ರತಿದಾಳಿ ನಡೆಸಿ ವಿಫಲವಾಯಿತು. ಅಲ್ಲಿಂದ ಹತ್ತಿರದ ಫ್ರೊಮೆಲ್ ಹಳ್ಳಿಯ ಸುತ್ತ ಕಾಂಕ್ರೀಟ್ ಆಶ್ರಯಗಳನ್ನು ಕಟ್ಟಿ ನೆಲೆಯೂರಿತು. 1916ರ ಜುಲೈ 19ರ ಸಂಜೆ ದಾಳಿಯಿಟ್ಟ ಆಸ್ಟ್ರೇಲಿಯಾದ 5ನೇ ಡಿವಿಷನ್, ಎತ್ತರದ ನೆಲದಲ್ಲಿದ್ದ ಇವರ ಮೆಷಿನ್‌ಗನ್‌ಗಳಿಗೆ ಸಿಕ್ಕಿ, ಒಂದೇ ರಾತ್ರಿಯಲ್ಲಿ 5,533 ಮಂದಿಯನ್ನು ಸಾವು, ಗಾಯ ಮತ್ತು ಸೆರೆಗಳಲ್ಲಿ ಕಳೆದುಕೊಂಡಿತು. ಬವೇರಿಯನ್ನರು ಶತ್ರುಗಳ ಶವಗಳನ್ನು ಫ್ರೊಮೆಲ್‌ನ ಫೆಸೆಂಟ್ ವುಡ್ ಎಂಬ ಕಾಡಿನ ಬಳಿ ಹೂಳಿದ್ದರು. 2009ರಲ್ಲಿ ಅಲ್ಲಿಂದ 250 ದೇಹಗಳನ್ನು ಹೊರತೆಗೆದು 2010ರಲ್ಲಿ ಗೌರವಪೂರ್ವಕವಾಗಿ ಮರುಸಮಾಧಿ ಮಾಡಲಾಯಿತು.

ಮುಂದೆ ಸೋಮ್, ಅರಾಸ್, ಮತ್ತೆ ಈಪ್ರ್, 1918ರ ವಸಂತದ ದಾಳಿ ಹೀಗೆ ಪಶ್ಚಿಮ ರಣರಂಗದಲ್ಲೇ ಉಳಿದ ಡಿವಿಷನ್ ಯುದ್ಧಾನಂತರ ವಿಸರ್ಜನೆಗೊಂಡಿತು.